ಮಲೆನಾಡಿನಲ್ಲಿ ಮೊದಲ ಚಳಿಗಾಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ವರ್ಗಾವಣೆ, ಮದುವೆ, ಹೊಸ ಕೆಲಸ ಎಂದು ಈ ವರ್ಷ ಶಿವಮೊಗ್ಗ ಜಿಲ್ಲೆಗೆ ಬಂದು ನೆಲೆಸಿದವರ ಪತ್ರಗಳನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಮಲೆನಾಡಿಗೆ ಹೊರಟವರಿಗೆ ಮಳೆಗಾಲದ ಬಗ್ಗೆ ಎಲ್ಲರೂ ಎಚ್ಚರಿಕೆ ಹೇಳಿ ಕಳಿಸುತ್ತಾರೆ. ಚಳಿಗಾಲದ ಮಾತೇ ಬರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ರಾತ್ರಿಯ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ, ಕೆಲವು ದಿನ ಇನ್ನೂ ಕೆಳಕ್ಕೆ ಇಳಿಯುತ್ತದೆ. ಮಧ್ಯಾಹ್ನ ಅದೇ ಅಂಗಳದಲ್ಲಿ 30ರ ಹತ್ತಿರ ಬಿಸಿಲು. ಚಳಿಗಿಂತ ಹೆಚ್ಚು ಕಾಡುವುದು ಇಬ್ಬನಿಯ ತೇವ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗಿನ ಬಿಸಿಲನ್ನು ಹೇಗೆ ಬಳಸಿಕೊಳ್ಳುತ್ತೀರಿ ಎಂಬುದರ ಮೇಲೆ ಇಲ್ಲಿನ ಚಳಿಗಾಲ ನಿಂತಿದೆ.

ಪ್ರಶ್ನೆ: ನವೆಂಬರಿನಲ್ಲಿ ಬಳ್ಳಾರಿಯಿಂದ ತೀರ್ಥಹಳ್ಳಿ ಹತ್ತಿರದ ಹಳ್ಳಿಗೆ ಬಂದೆವು. ಹಳೆಯ ಹಂಚಿನ ಮನೆ. ಬಚ್ಚಲಲ್ಲಿ ತಾಮ್ರದ ಹಂಡೆ, ಕೆಳಗೆ ಒಲೆ. ಉರಿ ಹಾಕಿದರೆ ಮನೆಯೆಲ್ಲ ಹೊಗೆ. ಗ್ಯಾಸ್ ಗೀಸರ್ ಹಾಕಿಸಿಬಿಡೋಣವೇ? ಹಾಸಿಗೆ, ಸ್ವೆಟರ್‌ಗಳಿಗೆ ಮುಗ್ಗಲು ವಾಸನೆ ಬೇರೆ.

ಉತ್ತರ: ಹಂಡೆಯನ್ನು ಇಷ್ಟು ಬೇಗ ಕೈಬಿಡಬೇಡಿ. ಹೊಗೆ ಒಳಗೆ ತಿರುಗುತ್ತಿದ್ದರೆ ಬಹಳ ಸಲ ದೋಷ ಒಲೆಯದ್ದಲ್ಲ, ಸೌದೆಯದ್ದು. ಮಳೆ ನಿಂತು ಎರಡು ತಿಂಗಳಾದರೂ ಕೊಟ್ಟಿಗೆ ಮೂಲೆಯ ಸೌದೆ ಹೊರಗೆ ಒಣಗಿ ಒಳಗೆ ಹಸಿಯಾಗಿಯೇ ಇರುತ್ತದೆ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದ್ದು ದಪ್ಪ್ ಎನ್ನುತ್ತದೆ. ದಪ್ಪ್ ಎಂದದ್ದನ್ನು ಸೀಳಿ ಒಂದು ವಾರ ಬಿಸಿಲಿಗೆ ಹರವಿ, ಆಮೇಲೆ ಒಲೆಗೆ ತನ್ನಿ.

ಇನ್ನು ಒಲೆ. ಬೂದಿ ನಾಲ್ಕು ಬೆರಳಿಗಿಂತ ಹೆಚ್ಚು ಕೂತಿದ್ದರೆ ಸೌದೆಯ ಅಡಿಗೆ ಗಾಳಿ ಹೋಗಲು ದಾರಿಯಿರುವುದಿಲ್ಲ, ಉರಿಯುವ ಬದಲು ಸುಮ್ಮನೆ ಹೊಗೆಯಾಡುತ್ತದೆ. ಎರಡು ದಿನಕ್ಕೊಮ್ಮೆ ಬೂದಿ ತೆಗೆಯಿರಿ, ಅದು ಪಾತ್ರೆ ಉಜ್ಜಲಿಕ್ಕೂ ಗಿಡಗಳ ಬುಡಕ್ಕೂ ಆಗುತ್ತದೆ. ಹೊಗೆ ಕೊಳವೆಯಿದ್ದರೆ ಉದ್ದ ಬಿದಿರಿನ ತುದಿಗೆ ಗೋಣಿ ಸುತ್ತಿ ಮೇಲಿನಿಂದ ಒಮ್ಮೆ ಮಸಿ ಕೆರೆದು ಇಳಿಸಿ. ಕೊಳವೆ ಚೊಕ್ಕಟವಿದ್ದೂ ಬೆಳಗಿನ ಜಾವ ಮಾತ್ರ ಹೊಗೆ ತಿರುಗುತ್ತದೆ ಎಂದಾದರೆ ಒಳಗೆ ತಣ್ಣಗಿನ ಭಾರದ ಗಾಳಿ ಕೂತಿದೆ ಎಂದರ್ಥ. ಒಲೆಗೆ ಸೌದೆ ಇಡುವ ಮೊದಲು ಒಂದು ಹಿಡಿ ಒಣ ಸೋಗೆಯನ್ನು (ಅಡಿಕೆ ಗರಿ) ಕೊಳವೆಯ ಬಾಯಿಯ ಹತ್ತಿರ ಭಗ್ಗನೆ ಉರಿಸಿ. ಕೊಳವೆ ಬಿಸಿಯಾದರೆ ಹೊಗೆ ತಾನೇ ಮೇಲೇರುತ್ತದೆ.

ಉರಿ ಹಾಕುವ ಕ್ರಮ ಗೊತ್ತಿರಲಿ. ಮೊದಲು ಹಂಡೆಗೆ ನೀರು, ಆಮೇಲೆ ಬೆಂಕಿ. ಬರಿ ಹಂಡೆಗೆ ಉರಿ ತಗುಲಿದರೆ ಬೆಸುಗೆ ಬಿಡುತ್ತದೆ. ಒಂದು ಒಣ ಅಡಿಕೆ ಹಾಳೆಯನ್ನು ಉದ್ದಕ್ಕೆ ಸೀಳಿ ಅಡಿಗೆ ಹಾಕಿ, ಮೇಲೆ ತೆಂಗಿನ ಗರಿ, ಎರಡು ಕರಟ. ಕರಟ ಹಿಡಿದು ಸಿಡಿಯತೊಡಗಿದ ಮೇಲೆ ಮಣಿಕಟ್ಟಿನ ದಪ್ಪದ ಎರಡು ಸೌದೆ ತಳ್ಳಿ. 60 ಲೀಟರ್ ಹಿಡಿಯುವ ಹಂಡೆ ಚೆನ್ನಾಗಿ ಕಾಯಲು ಸುಮಾರು ಮುಕ್ಕಾಲು ಗಂಟೆ, ಮೂರ್ನಾಲ್ಕು ಕಿಲೋ ಒಣ ಸೌದೆ ಬೇಕು. ರಾತ್ರಿ ಎಲ್ಲರ ಸ್ನಾನವಾದ ಮೇಲೆ ಹಂಡೆ ಪೂರ್ತಿ ತುಂಬಿಸಿ, ಕೆಂಡದ ಮೇಲೆ ಒಂದು ದಪ್ಪ ಮರದ ಕೊರಡು ಇಟ್ಟು ಬಿಡಿ. ಬೆಳಿಗ್ಗೆ ಮುಖ ತೊಳೆಯಲು ಬಿಸಿ ನೀರು ಸಿಗುತ್ತದೆ. ಸ್ನಾನ ಮಾಡುವಾಗ ತಳದ ನೀರನ್ನೆಲ್ಲ ತೋಡಿ ಬರಿದು ಮಾಡಬೇಡಿ, ಒಲೆಯಲ್ಲಿ ಕೆಂಡ ಇದ್ದೇ ಇರುತ್ತದೆ.

ಗ್ಯಾಸ್ ಗೀಸರ್ ಹಾಕಿಸುವುದಾದರೆ ಬಚ್ಚಲಿನ ಹೊರಗೋಡೆಗೇ ಹಾಕಿಸಿ. ಮುಚ್ಚಿದ ಬಚ್ಚಲೊಳಗೆ ಗ್ಯಾಸ್ ಉರಿದರೆ ಆಮ್ಲಜನಕ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆ ಸುತ್ತು, ಮಂಪರು ಬರುವಷ್ಟರಲ್ಲಿ ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಮಕ್ಕಳಿಗೆ ಬೆಚ್ಚಗಿರಲಿ ಎಂದು ಮಲಗುವ ಕೋಣೆಯಲ್ಲಿ ಕೆಂಡದ ಬಾಣಲೆ ಇಡುವುದೂ ಇಷ್ಟೇ ಅಪಾಯ. ಹೊಗೆ ಕಾಣುವುದಿಲ್ಲ ಎಂದು ಮೋಸ ಹೋಗಬೇಡಿ, ಕೆಂಡವೂ ಅದೇ ಅನಿಲವನ್ನು ಬಿಡುತ್ತದೆ. ಈ ಮಾತನ್ನು ಮನೆಯ ಹಿರಿಯರಿಗೂ ಹೇಳಿ.

ಮುಗ್ಗಲು ವಾಸನೆಗೆ ಬಿಸಿಲೇ ಮದ್ದು, ಆದರೆ ಹೊತ್ತು ನೋಡಿಕೊಳ್ಳಿ. ಬೆಳಿಗ್ಗೆ ಏಳಕ್ಕೆ ಕಿಟಕಿ ತೆರೆದರೆ ಇಬ್ಬನಿಯ ತೇವವನ್ನೇ ಒಳಗೆ ಕರೆದಂತೆ. ಹತ್ತಕ್ಕೆ ತೆರೆಯಿರಿ, ಹಾಸಿಗೆ ಕಂಬಳಿಗಳನ್ನು ಹತ್ತೂವರೆಗೆ ಹೊರಗೆ ಹಾಕಿ, ಮಧ್ಯಾಹ್ನ ಮಗುಚಿ, ನಾಲ್ಕರೊಳಗೆ ಒಳಗೆ ತನ್ನಿ. ಸಂಜೆ ಐದರವರೆಗೆ ಬಿಟ್ಟ ಬಟ್ಟೆ ಒಣಗಿದಂತೆ ಕಂಡರೂ ತೇವ ಹೀರಿಕೊಂಡಿರುತ್ತದೆ. ಬೀರುವನ್ನು ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಜಾಗ ಬಿಡಿ. ನೆಲದಲ್ಲಿ ಮಲಗುವವರ ಹಾಸಿಗೆಯ ಅಡಿಗೆ ಚಾಪೆ ಇರಲಿ.

ಪ್ರಶ್ನೆ: ದಾವಣಗೆರೆಯಿಂದ ಸಾಗರಕ್ಕೆ ಮದುವೆಯಾಗಿ ಬಂದವಳು. ಮೊಸರು ಹೆಪ್ಪಾಗುತ್ತಿಲ್ಲ, ದೋಸೆ ಹಿಟ್ಟು ಉಬ್ಬುತ್ತಿಲ್ಲ. ಅತ್ತೆಯವರು “ಬೇಸಿಗೆ ಬಂದರೆ ಸರಿಹೋಗ್ತದೆ ಬಿಡು” ಅನ್ನುತ್ತಾರೆ. ಅಲ್ಲಿಯವರೆಗೆ?

ಉತ್ತರ: ಅಲ್ಲಿಯವರೆಗೆ ಪಾತ್ರೆಯನ್ನು ಬೆಚ್ಚಗಿಡಬೇಕು, ಅಷ್ಟೇ. ಹೆಪ್ಪಿನ ಸೂಕ್ಷ್ಮಜೀವಿಗಳಿಗೆ 40ರಿಂದ 45 ಡಿಗ್ರಿ ಹಿತ. ಕಾಯಿಸಿದ ಹಾಲಿನಲ್ಲಿ ಬೆರಳಿಟ್ಟು ಹತ್ತು ಎಣಿಸುವವರೆಗೆ ತಡೆದುಕೊಳ್ಳಲಾದರೆ ಅದೇ ಹದ. ಅರ್ಧ ಲೀಟರ್ ಹಾಲಿಗೆ ಬೇಸಿಗೆಯಲ್ಲಿ ಒಂದು ಟೀ ಚಮಚ ಹೆಪ್ಪು ಸಾಕಾಗುತ್ತಿದ್ದರೆ ಈಗ ಒಂದು ದೊಡ್ಡ ಚಮಚ ಹಾಕಿ ಕಲಕಿ, ಪಾತ್ರೆಯನ್ನು ಹಾಟ್ ಬಾಕ್ಸಿನಲ್ಲಿಡಿ, ಇಲ್ಲವೇ ಟವೆಲಿನಲ್ಲಿ ಸುತ್ತಿ ಬಚ್ಚಲೊಲೆಯ ಕಟ್ಟೆಯ ಮೇಲಿಡಿ. ಎಂಟು ಹತ್ತು ಗಂಟೆ ಅಲುಗಿಸಬೇಡಿ. ಮೊಸರು ಲೋಳೆಯಾಗಿ ನೂಲು ಎಳೆದರೆ ಹಾಲು ತಣ್ಣಗಾದ ಮೇಲೆ ಹೆಪ್ಪು ಹಾಕಿದ್ದೀರಿ, ತಂಪಿನಲ್ಲಿ ಬೆಳೆಯುವ ಬೇರೆ ಜೀವಿಗಳು ಮೇಲುಗೈ ಪಡೆದಿವೆ. ಆ ಮೊಸರನ್ನು ಮತ್ತೆ ಹೆಪ್ಪಿಗೆ ಬಳಸಬೇಡಿ, ಬೇರೆ ಮನೆಯಿಂದ ಹೊಸ ಹೆಪ್ಪು ತನ್ನಿ.

ದೋಸೆಗೆ ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ ನೆನೆಸಿ, ಸಂಜೆ ನಾಲ್ಕರೊಳಗೆ ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿ. ಒಂದು ಹಿಡಿ ನೆನೆಸಿದ ಅವಲಕ್ಕಿ ಸೇರಿಸಿದರೆ ಒಳ್ಳೆಯದು. ಕೈಯಿಂದಲೇ ಕಲಸಿ, ಉಪ್ಪನ್ನು ಬೆಳಿಗ್ಗೆಗೆ ಉಳಿಸಿ, ಏಕೆಂದರೆ ಉಪ್ಪು ಹುದುಗನ್ನು ನಿಧಾನ ಮಾಡುತ್ತದೆ. ಹದಿನಾಲ್ಕು ಗಂಟೆ ಕೊಡಿ. ಒಲೆಯ ಪಕ್ಕದಲ್ಲಿಡಿ, ಒಲೆಯ ಮೇಲಲ್ಲ. ಮೇಲಿಟ್ಟರೆ ತಳದ ಹಿಟ್ಟು ಬೆಂದುಬಿಡುತ್ತದೆ. ಚಳಿ ಜೋರಾದ ವಾರದಲ್ಲಿ ಹುದುಗಿನ ಗೋಜೇ ಇಲ್ಲದ ನೀರುದೋಸೆ ಮಾಡಿ, ಮಲೆನಾಡಿಗೆ ಅದು ಹೇಳಿಮಾಡಿಸಿದ ತಿಂಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಕೆಳಗಿಳಿದರೆ ಗಟ್ಟಿಯಾಗುತ್ತದೆ, ಅದು ಕೆಟ್ಟಿಲ್ಲ. ಅಗಲ ಬಾಯಿಯ ಸೀಸೆಗೆ ತುಂಬಿಡಿ.

ಪ್ರಶ್ನೆ: ರಾಯಚೂರಿನಿಂದ ಹೊಸನಗರ ತಾಲ್ಲೂಕಿಗೆ ಬಂದಿದ್ದೇವೆ. ಎದುರು ಮನೆಯವರು ದಸರಾ ಹೊತ್ತಿಗೆ ಬಾಯ್ತುಂಬ ಮಾತಾಡಿಸುತ್ತಿದ್ದರು. ಈಗ ಎರಡು ಮಾತಿಗೂ ನಿಲ್ಲುವುದಿಲ್ಲ. ರಾತ್ರಿ ಹನ್ನೊಂದಾದರೂ ಅವರ ಮನೆಯಲ್ಲಿ ದೀಪ. ನಮ್ಮಿಂದ ಏನಾದರೂ ತಪ್ಪಾಯಿತೇ?

ಉತ್ತರ: ನಿಮ್ಮದೂ ತಪ್ಪಿಲ್ಲ, ಅವರದೂ ತಪ್ಪಿಲ್ಲ. ಅದು ಅಡಿಕೆ ಕೊಯ್ಲು. ಊರಿನ ಶಾಲೆಗೆ ಕ್ರಿಸ್‌ಮಸ್ ರಜೆ ಇರಬಹುದು, ಅಡಿಕೆ ಮನೆಗೆ ರಜೆಯಿಲ್ಲ. ಹಸಿ ಅಡಿಕೆಯನ್ನು ಕೊಯ್ದು ರಾಶಿ ಹಾಕಿ ಬಿಟ್ಟರೆ ಬೆಚ್ಚಗಾಗಿ ಕೆಡುತ್ತದೆ. ಹಗಲು ಕೊಯ್ದದ್ದನ್ನು ರಾತ್ರಿ ಕೂತು ಸುಲಿದು, ಚೊಗರು ನೀರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ನೀರು) ಬೇಯಿಸಿ, ಬಿಸಿಲಿಗೆ ಹರವಬೇಕು. ಮರ ಹತ್ತಿ ಗೊನೆ ಇಳಿಸುವ ಕೊನೆಗಾರ ಸಿಕ್ಕ ದಿನವೇ ಕೊಯ್ಲಿನ ದಿನ, ಮನೆಯವರ ಅನುಕೂಲ ಆಮೇಲಿನದು.

ನೀವೇ ಹೋಗಿ. ಹಗಲು ಹೊತ್ತಲ್ಲ, ಸಂಜೆ ಏಳರ ಮೇಲೆ, ಸುಲಿಯಲು ಕೂತಾಗ. ಈಗ ಸುಲಿಯುವ ಯಂತ್ರಗಳು ಬಂದಿವೆ, ಆದರೂ ಎಷ್ಟೋ ಮನೆಗಳಲ್ಲಿ ಮೆಟ್ಟುಗತ್ತಿ ಇದೆ. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಮೇಲೆದ್ದು ನಿಂತ ಕತ್ತಿಯ ಮೊನೆಗೆ ಕಾಯಿ ಒತ್ತಿ, ಕೈ ಒಂದು ಸಲ ತಿರುಗಿತೆಂದರೆ ಸಿಪ್ಪೆ ಒಂದು ಕಡೆ, ಅಡಿಕೆ ಬುಟ್ಟಿಗೆ. ಕೈ ಓಡುತ್ತಿದ್ದರೂ ಬಾಯಿ ಬಿಡುವಾಗಿರುತ್ತದೆ, ಹಾಗಾಗಿ ಊರಿನ ಮಾತುಕತೆಯೆಲ್ಲ ಅಲ್ಲೇ. ಕಲಿಯುವ ಆಸೆಯಿದ್ದರೆ ಹಳೆಯ ಗಾಢ ಬಣ್ಣದ ಬಟ್ಟೆ ಹಾಕಿಕೊಂಡು, ಕೈಗೆ ಕೊಬ್ಬರಿ ಎಣ್ಣೆ ಸವರಿ ಕೂರಿ. ಚೊಗರಿನ ಕಲೆ ಬಟ್ಟೆಗೆ ಹತ್ತಿದರೆ ಸಾಬೂನಿಗೆ ಜಗ್ಗುವುದಿಲ್ಲ. ಬೇಯಿಸುವ ಒಲೆಯ ಹತ್ತಿರ ಸಣ್ಣ ಮಕ್ಕಳನ್ನು ಬಿಡಬೇಡಿ.

ಅಂಗಳದಲ್ಲಿ ಹರವಿದ ಅಡಿಕೆಯ ಮೇಲೆ ನಿಮ್ಮ ಗಾಡಿಯ ನೆರಳೂ ಬೀಳದಂತೆ ನಿಲ್ಲಿಸಿ. ಈ ತಿಂಗಳಲ್ಲಿ ಎಂದಾದರೂ ಹೊತ್ತಲ್ಲದ ಹೊತ್ತಿನಲ್ಲಿ ಮೋಡ ಕವಿದರೆ ಕರೆಯುವವರೆಗೆ ಕಾಯದೆ ಓಡಿಹೋಗಿ ಟಾರ್ಪಾಲಿನ ಒಂದು ತುದಿ ಹಿಡಿಯಿರಿ. ಬೇಯಿಸಿದ ಅಡಿಕೆ ನೆನೆದರೆ ಬೂಸ್ಟು ಬರುತ್ತದೆ, ಬಣ್ಣ ಹೋಗುತ್ತದೆ, ಬಣ್ಣದೊಂದಿಗೆ ದರವೂ ಹೋಗುತ್ತದೆ. ಆ ಹತ್ತು ನಿಮಿಷದ ನೆರವನ್ನು ಮಲೆನಾಡಿನವರು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ.

ಪ್ರಶ್ನೆ: ಕ್ರಿಸ್‌ಮಸ್ ರಜೆಗೆ ಬೆಂಗಳೂರಿನಿಂದ ಅಣ್ಣ, ಅತ್ತಿಗೆ, ಮಕ್ಕಳು ಶಿವಮೊಗ್ಗದ ನಮ್ಮ ಮನೆಗೆ ಬರುತ್ತಿದ್ದಾರೆ. ಮೂರು ದಿನ ಇರುತ್ತಾರೆ. ಜೋಗ ನೋಡಲೇಬೇಕಂತೆ. ನಾವೂ ಹೊಸಬರು.

ಉತ್ತರ: ಅಣ್ಣನವರಿಗೆ ಮೊದಲೇ ಹೇಳಿಬಿಡಿ: ಡಿಸೆಂಬರಿನ ಜೋಗ ನೀರಿನ ಜೋಗವಲ್ಲ, ಬಂಡೆಯ ಜೋಗ. ಶರಾವತಿಯ ನೀರು ಮೇಲೆ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನಿಲ್ಲುತ್ತದೆ, ಆದ್ದರಿಂದ ಮಳೆಗಾಲ ಮುಗಿದ ಮೇಲೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆಗಳು ತೆಳ್ಳಗಿನ ಎಳೆಗಳಾಗಿರುತ್ತವೆ. 253 ಮೀಟರ್ ಎತ್ತರದ ಆ ಬಂಡೆಗೋಡೆ ಸ್ಪಷ್ಟವಾಗಿ ಕಾಣುವುದು ಈಗಲೇ, ಅದನ್ನು ನೋಡಲು ಹೋಗುವುದಾದರೆ ಹೋಗಿ. ಶಿವಮೊಗ್ಗದಿಂದ ಸುಮಾರು 100 ಕಿಲೋಮೀಟರ್. ಅಲ್ಲಿ ಕಾಮಗಾರಿ ನಡೆಯುವ ದಿನಗಳೂ ಇರುತ್ತವೆ, ಪ್ರವೇಶವಿದೆಯೇ ಎಂದು ಹೊರಡುವ ಮೊದಲು ವಿಚಾರಿಸಿ. ನೀರೇ ಬೇಕೆಂದರೆ ಆಗಸ್ಟಿನಲ್ಲಿ ಮತ್ತೊಮ್ಮೆ ಬರಲಿ.

ಮಕ್ಕಳಿಗೆ ಮೊದಲ ದಿನ ಸಕ್ರೆಬೈಲಿನ ಆನೆ ಬಿಡಾರ. ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿಲೋಮೀಟರ್. ತುಂಗೆಯ ಹಿನ್ನೀರಿನಲ್ಲಿ ಆನೆಗಳ ಸ್ನಾನ ಬೆಳಿಗ್ಗೆಯೇ ಆಗಿಹೋಗುತ್ತದೆ. ತಿಂಡಿ ಮುಗಿಸಿ ಹತ್ತೂವರೆಗೆ ಹೊರಟವರಿಗೆ ಒದ್ದೆ ದಡ ಮಾತ್ರ ಸಿಗುತ್ತದೆ, ಎಂಟಕ್ಕೇ ಮನೆ ಬಿಡಿ. ಅದೇ ದಾರಿಯ ಮಂಡಗದ್ದೆಯಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ, ಈಗ ನಿಲ್ಲುವ ಅಗತ್ಯವಿಲ್ಲ. ತ್ಯಾವರೆಕೊಪ್ಪದ ಸಫಾರಿಗೆ ಮಂಗಳವಾರ ರಜೆ. 24ರ ಸಂಜೆ ಊರಿನಲ್ಲೇ ಇದ್ದರೆ ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚಿನ ದೀಪಾಲಂಕಾರ, ಗೋದಲಿ ತೋರಿಸಿ.

ಎರಡನೇ ದಿನ ಆಗುಂಬೆಗೆ ಮೀಸಲಿಡಿ. ಆಗುಂಬೆಯ ಸೂರ್ಯಾಸ್ತ ಮಳೆಗಾಲದಲ್ಲಿ ಮೋಡದ ಪಾಲು. ನವೆಂಬರಿನಿಂದ ಜನವರಿಯವರೆಗೆ ಆಕಾಶ ತಿಳಿಯಾಗಿದ್ದ ದಿನ ಅರಬ್ಬಿ ಸಮುದ್ರದವರೆಗೂ ನೋಟ ಹೋಗುತ್ತದೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಕೆಲ ನಿಮಿಷಕ್ಕೆ, ಐದೂಕಾಲಿಗೆ ಅಲ್ಲಿರಿ. ದಾರಿಯಲ್ಲಿ ಕುಪ್ಪಳಿಯ ಕವಿಮನೆ, ಕವಿಶೈಲ ನೋಡಬಹುದು. ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ, ಅಂದು ಕಾರ್ಯಕ್ರಮ, ಜನ ಎರಡೂ ಇರುತ್ತವೆ. ಕವಿಶೈಲದ ಮೌನ ಬೇಕಾದವರು ಬೇರೆ ದಿನ ಆರಿಸಿಕೊಳ್ಳಿ.

ಕಷ್ಟವಿರುವುದು ಕತ್ತಲಾದ ಮೇಲಿನ ವಾಪಸು ಪ್ರಯಾಣದಲ್ಲಿ. ಮಂಜು ಕವಿದಾಗ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೇ ಬಡಿದು ನಿಮ್ಮ ಕಣ್ಣಿಗೆ ಮರಳುತ್ತದೆ, ಎದುರಿಗೆ ಬಿಳಿ ಗೋಡೆ ನಿಂತಂತಾಗುತ್ತದೆ. ಲೋ ಬೀಮ್‌ನಲ್ಲೇ, ರಸ್ತೆಯ ಎಡ ಅಂಚಿನ ಬಿಳಿ ಗೆರೆ ಹಿಡಿದು ನಿಧಾನ ಬನ್ನಿ. ಗಾಜು ಒಳಗಿನಿಂದ ಮಸುಕಾದರೆ ಒರೆಸುತ್ತ ಕೂರದೆ ಎಸಿ ಗಾಳಿಯನ್ನು ಗಾಜಿನತ್ತ ತಿರುಗಿಸಿ. ತಿರುವಿನಾಚೆ ಕಾಡುಕೋಣ ನಿಂತಿರಬಹುದು. ಹಾರ್ನ್ ಮಾಡಬೇಡಿ, ದೀಪ ತಗ್ಗಿಸಿ ಕಾಯಿರಿ, ಅದು ದಾಟಿದ ಮೇಲೆ ಹಿಂದೆ ಇನ್ನೊಂದಿದೆಯೇ ನೋಡಿ ಹೊರಡಿ.

ಮಾರ್ಗಶಿರ ಬಹುಳ ಅಮಾವಾಸ್ಯೆ ಆ ಮೂರು ದಿನಗಳಲ್ಲೇ ಬಂದರೆ ಬೇರೆಲ್ಲ ಬಿಟ್ಟು ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಹೋಗಿ. ರಾಮೇಶ್ವರ ದೇವಸ್ಥಾನದ ಬಳಿ ತುಂಗೆಯಲ್ಲಿ ತೀರ್ಥಸ್ನಾನ, ಮರುದಿನ ರಥೋತ್ಸವ, ಮೂರನೇ ದಿನ ತೆಪ್ಪೋತ್ಸವ. ಒಂದೇ ದಿನ ಹೋಗಲು ಸಾಧ್ಯವಾದರೆ ತೆಪ್ಪೋತ್ಸವದ ಸಂಜೆಯನ್ನು ಆರಿಸಿಕೊಳ್ಳಿ. ಹೊಳೆಯ ಬಂಡೆಗಳು ಪಾಚಿಗಟ್ಟಿರುತ್ತವೆ, ಮಕ್ಕಳ ಕೈ ಬಿಡಬೇಡಿ.

ಪ್ರಶ್ನೆ: ರಜೆಯಲ್ಲಿ ನಮ್ಮ ಮಕ್ಕಳು ಪಕ್ಕದ ಮನೆಯವರ ಜೊತೆ ದರಗು (ಉದುರಿದ ಒಣ ಎಲೆ) ತರಲು ಕಾಡಿಗೆ ಹೋಗುತ್ತಾರಂತೆ. ಮಂಗನ ಕಾಯಿಲೆಯ ಭಯ. ಕಳಿಸಬಹುದೇ?

ಉತ್ತರ: ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ನಿರ್ಧರಿಸಿ. ಸುತ್ತಮುತ್ತ ಮಂಗ ಸತ್ತಿದೆ ಅಥವಾ ಯಾರಿಗಾದರೂ ಕಾಯಿಲೆ ಬಂದಿದೆ ಎಂದರೆ ಖಂಡಿತ ಕಳಿಸಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ಕಾಯಿಲೆ ಹರಡುವುದು ಉಣುಗು ಎಂಬ ರಕ್ತ ಹೀರುವ ಸಣ್ಣ ಜೀವಿಯ ಕಡಿತದಿಂದ, ಮನುಷ್ಯರಿಂದ ಮನುಷ್ಯರಿಗಲ್ಲ. ಉಣುಗಿನ ಮರಿಗಳು ದರಗಿನಲ್ಲಿ ಹೆಚ್ಚಾಗುವುದು ಈ ಒಣ ತಿಂಗಳುಗಳಲ್ಲೇ. ಎಳ್ಳಿಗಿಂತ ಚಿಕ್ಕದಿರುವುದರಿಂದ ಕಡಿದದ್ದೂ ತಿಳಿಯುವುದಿಲ್ಲ.

ಕಾಡಂಚಿಗೆ ಹೋಗಲೇಬೇಕಾದವರು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ. ತುಂಬುತೋಳು, ಪ್ಯಾಂಟಿನ ತುದಿ ಸಾಕ್ಸಿನೊಳಗೆ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಕುದಿನೀರಿಗೆ ಹಾಕಿ, ಬಿಸಿ ನೀರಿನಲ್ಲಿ ಸ್ನಾನ ಮಾಡಿಸಿ, ಕಿವಿಯ ಹಿಂದೆ, ಕಂಕುಳು, ತೊಡೆಸಂದು ನೋಡಿ. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ತಂದ ದರಗನ್ನು ಮನೆಯ ಗೋಡೆಗೆ ತಾಗಿಸಿ ರಾಶಿ ಹಾಕಬೇಡಿ.

ಕಾಡಿಗೆ ಹೋಗಿ ಬಂದ ಮೂರರಿಂದ ಎಂಟು ದಿನದಲ್ಲಿ ಇದ್ದಕ್ಕಿದ್ದಂತೆ ಜ್ವರ, ವಿಪರೀತ ತಲೆನೋವು, ಸೊಂಟ ಕೈಕಾಲು ನೋವು ಬಂದರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ. ಮೂಗು, ವಸಡಿನಲ್ಲಿ ರಕ್ತ ಬರಬಹುದಾದ ಕಾಯಿಲೆ ಇದು, ಆದ್ದರಿಂದ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಅದರ ಮೈಯಿಂದ ಉದುರಿದ ಉಣುಗು ಸುತ್ತಲೂ ಇರುತ್ತವೆ.

ಪ್ರಶ್ನೆ: ಮೈಸೂರಿನವರು, ಶಿವಮೊಗ್ಗದಲ್ಲಿ ಇದು ಮೊದಲ ಸಂಕ್ರಾಂತಿ. ಇಪ್ಪತ್ತು ಮನೆಗೆ ಎಳ್ಳು ಬೀರುವ ಆಸೆ. ಬೆಲ್ಲ ನೀರೊಡೆದು ಅಂಟುತ್ತದೆ. ಸಕ್ಕರೆ ಅಚ್ಚು ಕೂಡ ಬಿಡಲಿಲ್ಲ.

ಉತ್ತರ: ಮನೆಗೆ 50 ಗ್ರಾಂಗಿಂತ ತುಸು ಹೆಚ್ಚಿನ ಲೆಕ್ಕದಲ್ಲಿ ಕಡಲೆಬೀಜ 300 ಗ್ರಾಂ, ಕೊಬ್ಬರಿ 250, ಬೆಲ್ಲ 250, ಹುರಿಗಡಲೆ 200, ಬಿಳಿ ಎಳ್ಳು 100 ಗ್ರಾಂ ತೆಗೆದುಕೊಳ್ಳಿ. ಗಟ್ಟಿ ಅಚ್ಚುಬೆಲ್ಲವೇ ಬೇಕು. ಇಲ್ಲಿನ ನೀರಾದ ಜೋನಿಬೆಲ್ಲ ದೋಸೆಗೆ ಅಮೃತ, ಎಳ್ಳಿಗೆ ಆಗದು. ಅಡಕೊತ್ತಿನಲ್ಲಿ ಕಡಲೆ ಗಾತ್ರಕ್ಕೆ ಕತ್ತರಿಸಿ, ಪುಡಿಯನ್ನು ಜರಡಿ ಹಿಡಿದು ತೆಗೆಯಿರಿ, ಏಕೆಂದರೆ ಮೊದಲು ನೀರೊಡೆಯುವುದು ಪುಡಿ. ತೆಳು ಬಟ್ಟೆ ಮುಚ್ಚಿ ಹನ್ನೊಂದರಿಂದ ಮೂರರವರೆಗೆ ಎರಡು ದಿನ ಒಣಗಿಸಿ, ಬೇರೆಯೇ ಸ್ಟೀಲ್ ಡಬ್ಬಿಯಲ್ಲಿಡಿ. ಕೊಬ್ಬರಿಯ ಕಂದು ಬೆನ್ನು ಹೆರೆದು, ಹೆಚ್ಚಿ, ಅದನ್ನೂ ಒಣಗಿಸಿ. ಕಡಲೆಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ತಣಿದ ಮೇಲಷ್ಟೇ ಡಬ್ಬಿಗೆ ಹಾಕಿ. ಬೆಚ್ಚಗಿರುವ ಬೀಜ ಡಬ್ಬಿಯೊಳಗೆ ಬೆವರಿ ಬೆಲ್ಲವನ್ನು ಕರಗಿಸುತ್ತದೆ. ನಿಮಗಾದದ್ದು ಬಹುಶಃ ಇದೇ. ಎಲ್ಲವನ್ನೂ ಬೆರೆಸುವುದು ಹಬ್ಬದ ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ.

ಅಚ್ಚಿಗೆ ಅರ್ಧ ಕಿಲೋ ಸಕ್ಕರೆ, ಮುಳುಗುವಷ್ಟು ನೀರು. ಕುದಿಯುವಾಗ ಎರಡು ಚಮಚ ಹಾಲು ಹಾಕಿದರೆ ಕಶ್ಮಲ ನೊರೆಯಾಗಿ ಮೇಲೆ ಬರುತ್ತದೆ, ತೆಗೆದು ಪಾಕವನ್ನು ಬಟ್ಟೆಯಲ್ಲಿ ಸೋಸಿ. ಮರದ ಅಚ್ಚುಗಳನ್ನು ಒಂದು ಗಂಟೆ ನೀರಲ್ಲಿ ನೆನೆಸಿ, ಒರೆಸಿ, ಬಿಗಿದಿಟ್ಟುಕೊಳ್ಳಿ. ಒಣ ಅಚ್ಚು ಪಾಕವನ್ನು ಹಿಡಿದುಕೊಂಡು ಬಿಡುವುದಿಲ್ಲ. ಒಂದು ಸಲಕ್ಕೆ ಒಂದು ಸೌಟು ಪಾಕವನ್ನಷ್ಟೇ ಸಣ್ಣ ಬಾಣಲೆಗೆ ಹಾಕಿ ಕುದಿಸಿ. ನೀರಿಗೆ ಬಿಟ್ಟ ಹನಿ ಮೆತ್ತನೆಯ ಉಂಡೆಯಾದಾಗ ಎರಡೇ ಹನಿ ನಿಂಬೆರಸ ಬಿಟ್ಟು ಇಳಿಸಿ, ತಿರುವುತ್ತಾ ಹಾಲಿನಂತೆ ಬೆಳ್ಳಗಾಗತೊಡಗಿದ ಕ್ಷಣವೇ ಅಚ್ಚಿಗೆ ಹೊಯ್ಯಿರಿ. ಅರೆನಿಮಿಷ ತಡವಾದರೆ ಬಾಣಲೆಯಲ್ಲೇ ಪುಡಿಯಾಗುತ್ತದೆ, ಆಗ ನೀರು ಸೇರಿಸಿ ಮತ್ತೆ ಕಾಯಿಸಬಹುದು. ನಿಂಬೆರಸ ಹೆಚ್ಚಾದರೆ ಸಕ್ಕರೆ ಹರಳುಗಟ್ಟದೆ ಅಂಟಾಗಿಯೇ ಉಳಿಯುತ್ತದೆ, ಅದನ್ನು ಸರಿಪಡಿಸಲು ಬರುವುದಿಲ್ಲ, ಪಾನಕಕ್ಕೆ ಬಳಸಿ.

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಎಳ್ಳು ಬೀರುವ ರೂಢಿ ಮೈಸೂರಿನಷ್ಟಿಲ್ಲ. ಎದುರು ಎಳ್ಳು ಬರಲಿಲ್ಲವೆಂದು ಬೇಸರ ಮಾಡಿಕೊಳ್ಳದೆ ಕೊಟ್ಟು ಬನ್ನಿ. ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆಯ ದಿನಗಳಲ್ಲಿ ನಿಮ್ಮ ಮನೆಗೆ ಕಬ್ಬಿನ ಹಾಲೋ ತೊಡೆದೇವು ಎಂಬ ತೆಳ್ಳನೆಯ ಸಿಹಿಯೋ ಬರುತ್ತದೆ.

ಪ್ರಶ್ನೆ: ಹಿಮ್ಮಡಿ ಒಡೆದು ರಕ್ತ ಬರುತ್ತದೆ. ಇಲ್ಲಿನವರು ಮುರುಗಲು ತುಪ್ಪ ಅನ್ನುತ್ತಾರೆ. ಏನದು?

ಉತ್ತರ: ಮುರುಗಲು (ಕೋಕಂ) ಹಣ್ಣಿನ ಬೀಜದ ಕೊಬ್ಬು. ಗಟ್ಟಿ ಉಂಡೆಯಾಗಿ ಸಿಗುತ್ತದೆ, ತಿಳಿ ಬಣ್ಣ, ಉಗುರು ಒತ್ತಿದರೆ ಪುಡಿಯಾಗಿ ಒಡೆಯುತ್ತದೆ. ಕಾಲನ್ನು ಹತ್ತು ನಿಮಿಷ ಬಿಸಿ ನೀರಿನಲ್ಲಿಟ್ಟು, ಒರೆಸಿ, ಗೋಲಿ ಗಾತ್ರದ ತುಪ್ಪವನ್ನು ಚಮಚದಲ್ಲಿ ಕರಗಿಸಿ, ಬಿಸಿ ಆರಿದ ಮೇಲೆ ಬಿರುಕಿನೊಳಗೆ ಇಳಿಯುವಂತೆ ಹಚ್ಚಿ, ಹತ್ತಿಯ ಸಾಕ್ಸ್ ಹಾಕಿ ಮಲಗಿ. ಒಂದು ವಾರ ಬಿಡದೆ ಮಾಡಿ. ತುಟಿಗೂ ಆಗುತ್ತದೆ. ಸಕ್ಕರೆ ಕಾಯಿಲೆಯಿದ್ದು ಬಿರುಕಿನಲ್ಲಿ ರಕ್ತ ಕಂಡವರು ಮಾತ್ರ ಮೊದಲು ವೈದ್ಯರಿಗೆ ಕಾಲು ತೋರಿಸಿ.